ಸೂರಿಗಿಂತ ಮೊದಲು ರೇಡಿಯೋ

1968ರಲ್ಲಿ ಅಪ್ಪ ಹಾಸನದಿಂದ ಮರ್ಫಿ ರೇಡಿಯೋ ತಂದಾಗ ನಮ್ಮ ಮನೆಯ ಸೂರು ಏಳು ಕಡೆ ಸೋರುತ್ತಿತ್ತು. ಲೆಕ್ಕ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ಮಳೆ ಹಿಡಿದರೆ ಪಾತ್ರೆ ಇಡುವ ಕೆಲಸ ನನ್ನದಾಗಿತ್ತು. ನಡುಮನೆಗೆ ತಪ್ಪಲೆ, ಪಡಸಾಲೆಗೆ ಎರಡು ಬೋಗುಣಿ, ಕಣಜದ ಮಗ್ಗುಲಿಗೆ ಕೊಳಗ, ಒಲೆ ಹತ್ತಿರ ಚರಿಗೆ, ದೇವರ ಗೂಡಿನ ಕೆಳಗೆ ಗಿಂಡಿ. ಬಚ್ಚಲಲ್ಲಿ ಹೇಗೂ ಹಂಡೆ ಇತ್ತು. ನಡುತೊಲೆಗೆ ಗೆದ್ದಲು ಹಿಡಿದಿತ್ತು. ರೇಡಿಯೋಗೆ 340 ರೂಪಾಯಿ, ಮೇಲೆ ಪೋಸ್ಟಾಫೀಸಿನಲ್ಲಿ ಕಟ್ಟಬೇಕಾದ ಲೈಸೆನ್ಸಿನ ದುಡ್ಡು. ಆ ದುಡ್ಡಿಗೆ ತೊಲೆ ಬದಲಾಯಿಸಿ ಹೊಸ ಹೆಂಚು ಹೊದಿಸಬಹುದಿತ್ತು ಎಂದು ಅವ್ವ ಕಡೆಯವರೆಗೂ ಹೇಳುತ್ತಿದ್ದಳು. ನಾನಂತೂ ಅಂದು ಕುಣಿದಾಡಿದ್ದೆ. ಗುಂಡಿ ತಿರುಗಿಸಿ ಒಂದು ನಿಮಿಷ ಕಾದರೆ ಒಳಗಿನ ವಾಲ್ವು ಬಿಸಿಯಾಗಿ, ಕಾದ ದೂಳಿನ ವಾಸನೆ ಬಂದು, ಆಮೇಲೆ ರೇಡಿಯೋ ಸಿಲೋನ್ ಕೇಳಿಸುತ್ತಿತ್ತು. ಅದರ ತಾಮ್ರದ ಜಾಲರಿ ಏರಿಯಲ್ಲನ್ನು ಕಟ್ಟಿದ್ದು ಅದೇ ಸೋರುವ ಸೂರಿನ ಮೇಲೆ.

ಆ ರೇಡಿಯೋ ನನಗೆ ಮತ್ತೆ ನೆನಪಾದದ್ದು 35 ವರ್ಷ ಬಿಟ್ಟು, ಡೆಟ್ರಾಯಿಟ್ ಹತ್ತಿರದ ನಮ್ಮ ಮನೆಯ ಟೀವಿ ಮುಂದೆ. 2003ರ ಏಪ್ರಿಲ್ 26, ಶನಿವಾರ. ಅವ್ವ ಊರಿಂದ ಬಂದು ಮೂರು ವಾರವಾಗಿತ್ತು. ಮೊರದ ತುಂಬ ಕೊತ್ತಂಬರಿ ಸೊಪ್ಪು ಇಟ್ಟುಕೊಂಡು ಸೋಸುತ್ತಾ ಕೂತಿದ್ದಳು. ಸೋಫಾ ಮೇಲಲ್ಲ, ನೆಲದ ಮೇಲೆ. ಮಧ್ಯಾಹ್ನ ಹನ್ನೆರಡಕ್ಕೆ ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟ್ ಶುರುವಾಯಿತು. ಆಗ ಅದು ಶನಿವಾರದ ಮಧ್ಯಾಹ್ನದ ಕೆಲಸ. ರಾತ್ರಿಯ ದೊಡ್ಡ ತಮಾಷೆಯಾದದ್ದು 2010ರಿಂದ.

ಐಪಿಎಲ್ ಹರಾಜು ನೋಡಿ ಬೆಳೆದ ನಿಮಗೆ ಇದು ವಿಚಿತ್ರವಾಗಿ ಕಾಣಬಹುದು. ಇಲ್ಲಿ ಹರಾಜು ಕೂಗುವುದಿಲ್ಲ. 32 ತಂಡಗಳು, ಏಳು ಸುತ್ತು. ಹಿಂದಿನ ವರ್ಷ ಅತಿ ಕೆಟ್ಟದಾಗಿ ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಕಾಲೇಜಿನಲ್ಲಿ ಆಡಿ ಬಂದ ಹುಡುಗರಲ್ಲಿ ಸರದಿ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತಾ ಹೋಗುವುದು. ಆಗ ಮೊದಲ ಸುತ್ತಿನಲ್ಲಿ ಒಂದೊಂದು ತಂಡಕ್ಕೂ 15 ನಿಮಿಷ ಸಮಯ. ಅಷ್ಟು ಸಮಯವೂ ಸಾಲದೆ ಆ ಮಧ್ಯಾಹ್ನ ಮಿನ್ನೆಸೋಟ ತಂಡದವರು ಏಳನೆಯ ಸರದಿಯನ್ನೇ ತಪ್ಪಿಸಿಕೊಂಡರು. ಬೇರೆ ತಂಡದ ಜೊತೆ ಸರದಿ ಅದಲುಬದಲು ಮಾಡಿಕೊಳ್ಳಲು ಚೌಕಾಸಿ ಮಾಡುತ್ತಾ ಕೂತಿದ್ದಾಗ ಗಡಿಯಾರ ಮುಗಿಯಿತು, ಹಿಂದಿದ್ದ ಎರಡು ತಂಡದವರು ಮುಂದೆ ನುಗ್ಗಿ ತಮ್ಮ ಆಟಗಾರರನ್ನು ಬರೆಸಿದರು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಚೀಲ ಮರೆತವರ ಗತಿ.

ನಮ್ಮ ತಂಡ ಡೆಟ್ರಾಯಿಟ್ ಲಯನ್ಸ್. ಸರದಿ ಎರಡನೆಯದು, ಅಂದರೆ ಎಷ್ಟು ಕೆಟ್ಟದಾಗಿ ಆಡಿದ್ದರು ಎಂದು ನೀವೇ ಊಹಿಸಿ. ಅವರು ಕರೆದದ್ದು ಚಾರ್ಲ್ಸ್ ರೋಜರ್ಸ್ ಹೆಸರನ್ನು. ಇದೇ ಮಿಶಿಗನ್ನಿನ ಸ್ಯಾಗಿನಾ ಊರಿನ ಹುಡುಗ, ಆರಡಿ ಮೂರಂಗುಲ, ವೈಡ್ ರಿಸೀವರ್. ಮೈದಾನದ ಅಂಚಿನಲ್ಲಿ ನಿಂತು, ಗಾಳಿಯಂತೆ ಓಡಿ, ಕ್ವಾರ್ಟರ್‌ಬ್ಯಾಕ್ ದೂರದಿಂದ ಎಸೆದ ಚೆಂಡನ್ನು ನೆಗೆದು ಹಿಡಿಯುವವನೇ ವೈಡ್ ರಿಸೀವರ್. ಇಡೀ ಆಟದಲ್ಲಿ ಕಣ್ಣಿಗೆ ಹಬ್ಬವಾಗುವ ಕೆಲಸ ಅದೊಂದೇ. ನಾನೂ ನನ್ನ 14 ವರ್ಷದ ಮಗನೂ ಎದ್ದು ಚಪ್ಪಾಳೆ ಹೊಡೆದೆವು. ಅಂಗಡಿಯಲ್ಲಿ 6 ಡಾಲರ್ 99 ಸೆಂಟ್ ಕೊಟ್ಟು ತಂದಿದ್ದ ಡ್ರಾಫ್ಟ್ ಪುಸ್ತಕವನ್ನು ಓದಿ ಓದಿ ನಾನು ಪಂಡಿತನಾಗಿದ್ದೆ. ಹುಡುಗರ ಎತ್ತರ, ತೂಕ, ತೋಳಿನ ಉದ್ದ, 40 ಗಜ ಓಡಲು ಹಿಡಿದ ಸಮಯ, ಎಲ್ಲವೂ ಬಾಯಿಪಾಠ. ಅವ್ವನಿಗೂ ಒಪ್ಪಿಸಿದೆ. ಅವಳು ಸೊಪ್ಪಿನ ಕಡ್ಡಿ ಮುರಿಯುತ್ತಾ, "ಚುಂಚನಕಟ್ಟೆ ಜಾತ್ರೇಲಿ ಎತ್ತಿನ ಹಲ್ಲು ಎಣಿಸ್ದಂಗೆ ಆಯ್ತಲ್ಲ ಮಗ. ಮನುಷ್ಯರನ್ನ ಹಿಂಗಾ ನೋಡೋದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕನಿದ್ದ. ಕಾರು ಕಾರ್ಖಾನೆಯಲ್ಲಿ 34 ವರ್ಷ ದುಡಿದು ನಿವೃತ್ತನಾದವನು, ಹುಟ್ಟಿದಾಗಿನಿಂದ ಲಯನ್ಸ್ ಅಭಿಮಾನಿ. ಅವ್ವ ಕರಿದ ಕೋಡುಬಳೆ ತಿನ್ನಲು ಬೇಲಿ ದಾಟಿ ಬರುತ್ತಿದ್ದ. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು, ಆದರೆ ಇಬ್ಬರೂ ಒಂದೇ ಮಾತು ಆಡುತ್ತಿದ್ದರು. ನನ್ನ ಸಂಭ್ರಮ ಕೇಳಿ ಅವನು, "ನಾನು ಕೆಲಸ ಮಾಡಿದ ಕಡೆ ಲೈನ್ ನಿಂತರೆ ಕಾರೇ ಇಲ್ಲ. ಇಲ್ಲೂ ಅಷ್ಟೇ" ಎಂದ. ಅವನು ಹೇಳುತ್ತಿದ್ದ ಲೈನ್ ಎಂದರೆ ಕ್ವಾರ್ಟರ್‌ಬ್ಯಾಕಿನ ಮುಂದೆ ಗೋಡೆಯಂತೆ ನಿಲ್ಲುವ ಐದು ಜನ ಭಾರಿ ಆಳುಗಳು. ಅವರು ಚೆಂಡು ಮುಟ್ಟುವುದೇ ಇಲ್ಲ ಅನ್ನಬಹುದು. ಅವರ ಹೆಸರು ಕೇಳಿಸುವುದು ತಪ್ಪು ಮಾಡಿದಾಗ. ನಾನು ಅದನ್ನು ಮುದುಕರ ಗೊಣಗಾಟ ಎಂದು ತಳ್ಳಿಹಾಕಿದೆ. ಈಗ ಅಂಥ ಗೊಣಗಾಟ ನನ್ನ ಬಾಯಲ್ಲೇ ಬರುತ್ತದೆ.

ಮಾರನೆಯ ವಾರ ಮಗನಿಗೆ ರೋಜರ್ಸ್‌ನ 80ನೇ ನಂಬರಿನ ಜೆರ್ಸಿ ಕೊಡಿಸಿದೆ, 65 ಡಾಲರ್. ಅವ್ವ ಡಾಲರನ್ನು ರೂಪಾಯಿ ಮಾಡದೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಆಗ ಡಾಲರಿಗೆ 47 ರೂಪಾಯಿ. ಬೆರಳ ಗೆರೆ ಎಣಿಸಿ, "ಒಂದು ಬನೀನಿಗೆ ಮೂರು ಸಾವಿರಾನಾ!" ಎಂದು ಮೊಮ್ಮಗನ ಬೆನ್ನು ಮುಟ್ಟಿ ಬಟ್ಟೆ ನೋಡಿದಳು. "ಹತ್ತಿಯೂ ಅಲ್ಲ."

ರೋಜರ್ಸ್‌ನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಆ ಅಕ್ಟೋಬರಿನಲ್ಲಿ ಕೊರಳೆಲುಬು ಮುರಿಯಿತು. ಮರುವರ್ಷ ಮೊದಲ ಪಂದ್ಯದಲ್ಲೇ ಮತ್ತೆ ಮುರಿಯಿತು. ಮೂರು ವರ್ಷದಲ್ಲಿ ಹಿಡಿದದ್ದು 36 ಚೆಂಡು. ಅವನ ನಂತರದ ಸರದಿಯಲ್ಲೇ ಹ್ಯೂಸ್ಟನ್ ತಂಡ ಆರಿಸಿಕೊಂಡ ಆಂಡ್ರೆ ಜಾನ್ಸನ್ ಕೂಡ ರಿಸೀವರೇ. ಅವನು ಹಿಡಿದದ್ದು 1,062. ಒಂದೇ ಕೆಲಸ, ಒಂದೇ ದಿನ, ಒಂದು ಸರದಿಯ ಅಂತರ. ರೋಜರ್ಸ್ 2019ರಲ್ಲಿ 38ನೇ ವಯಸ್ಸಿಗೆ ತೀರಿಕೊಂಡ. ಎಲುಬು ಮುರಿದದ್ದು ಯಾರ ಲೆಕ್ಕದಲ್ಲೂ ಇರಲಿಲ್ಲ. ಹಾಗಾಗಿ ಆ ಆಯ್ಕೆಯನ್ನು ಮೂರ್ಖತನ ಎನ್ನುವುದಕ್ಕೆ ನನಗೆ ಮನಸ್ಸಿಲ್ಲ.

ಆದರೆ ಲಯನ್ಸ್ ಅಷ್ಟಕ್ಕೇ ನಿಲ್ಲಿಸಲಿಲ್ಲವಲ್ಲ! 2004ರಲ್ಲಿ ಏಳನೆಯ ಸರದಿಗೆ ರಾಯ್ ವಿಲಿಯಮ್ಸ್, ರಿಸೀವರ್. 2005ರಲ್ಲಿ ಹತ್ತನೆಯ ಸರದಿಗೆ ಮೈಕ್ ವಿಲಿಯಮ್ಸ್, ರಿಸೀವರ್. ಮೂರು ವರ್ಷ ಸತತವಾಗಿ ಮೊದಲ ಹತ್ತರೊಳಗೆ ಅದೇ ಕೆಲಸದವರು. ಮೈಕ್ ಎರಡೇ ವರ್ಷದಲ್ಲಿ ತಂಡ ಬಿಟ್ಟ. ಅವನ ನಂತರದ ಸರದಿಯಲ್ಲಿ ಡಲ್ಲಾಸ್ ತಂಡಕ್ಕೆ ಹೋದ ಡಿಮಾರ್ಕಸ್ ವೇರ್ ಕ್ವಾರ್ಟರ್‌ಬ್ಯಾಕುಗಳನ್ನು ಕೆಡವುವುದರಲ್ಲಿ ದೊಡ್ಡ ಹೆಸರು ಮಾಡಿ ಹಾಲ್ ಆಫ್ ಫೇಮ್ ಸೇರಿದ. ಮೈಕನ ಹೆಸರು ಕರೆದಾಗ ನನ್ನ ಮಗ, "ಅಪ್ಪ, ಇವರಿಗೆಲ್ಲ ಚೆಂಡು ಎಸೆಯೋದು ಯಾರು?" ಎಂದ. 16 ವರ್ಷದ ಹುಡುಗನಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

2006ರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಜಾನ್ ಕಿಟ್ನಾ 63 ಸಲ ನೆಲ ಕಚ್ಚಿದ. ಚೆಂಡು ಕೈಬಿಡುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿದ ಲೆಕ್ಕ ಇದು. ಮರು ಏಪ್ರಿಲ್ಲಿನಲ್ಲಿ ಮತ್ತೆ ಎರಡನೆಯ ಸರದಿ ನಮ್ಮದು. ಜೋ ಥಾಮಸ್ ಎಂಬ ಗೋಡೆಯಂಥ ಆಳು ಸಿಗುವಂತಿದ್ದ. ನೆರೆಮನೆಯ ಮುದುಕ ವಾರದಿಂದ ಅವನ ಹೆಸರೇ ಜಪಿಸುತ್ತಿದ್ದ. ಲಯನ್ಸ್ ಕರೆದದ್ದು ಕ್ಯಾಲ್ವಿನ್ ಜಾನ್ಸನ್‌ನನ್ನು. ಆರಡಿ ಐದಂಗುಲ, ಮತ್ತೆ ರಿಸೀವರ್! ಮುದುಕ ಕೈಲಿದ್ದ ಕೋಡುಬಳೆಯನ್ನು ತಟ್ಟೆಗೆ ಹಾಕಿ ಎದ್ದು ಮನೆಗೆ ಹೋದ. ಥಾಮಸ್ ಮೂರನೆಯ ಸರದಿಯಲ್ಲಿ ಕ್ಲೀವ್‌ಲ್ಯಾಂಡಿಗೆ ಹೋದ. ಆ ಹೊತ್ತಿಗೆ ಅವನು ಡ್ರಾಫ್ಟ್ ಸಭೆಯಲ್ಲಿ ಇರಲೇ ಇಲ್ಲ, ಅಪ್ಪನ ಜೊತೆ ಮಿಶಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ.

ಇಲ್ಲಿಂದ ಮುಂದೆ ಕತೆ ಮುದುಕನ ಮಾತನ್ನೂ ಪೂರಾ ಕೇಳಲಿಲ್ಲ, ನನ್ನದನ್ನೂ ಕೇಳಲಿಲ್ಲ. ಕ್ಯಾಲ್ವಿನ್ ನಾನು ಕಣ್ಣಾರೆ ಕಂಡ ರಿಸೀವರುಗಳಲ್ಲೆಲ್ಲ ದೊಡ್ಡವನು. 2012ರಲ್ಲಿ ಒಂದೇ ಸೀಸನ್ನಿನಲ್ಲಿ ಚೆಂಡು ಹಿಡಿದು ತಂಡಕ್ಕೆ 1,964 ಗಜ ಗಳಿಸಿಕೊಟ್ಟು ಜೆರ್ರಿ ರೈಸ್ ಹೆಸರಲ್ಲಿದ್ದ ದಾಖಲೆ ಮುರಿದ. ಆ ವರ್ಷ ತಂಡ ಗೆದ್ದದ್ದು 16ರಲ್ಲಿ ನಾಲ್ಕು. ಅದಕ್ಕೆ ಮೊದಲು 2008ರಲ್ಲಿ, ಅವನು ಆಡುತ್ತಿದ್ದಾಗಲೇ, 16ಕ್ಕೆ 16ನ್ನೂ ಸೋತಿದ್ದರು. 2011ರ ಸೀಸನ್ನಿನ ಪ್ಲೇಆಫ್‌ನಲ್ಲಿ ಅವನೊಬ್ಬನೇ 211 ಗಜ ಗಳಿಸಿದ, ತಂಡ 45–28ರಲ್ಲಿ ಸೋತು ಮನೆಗೆ ಬಂತು. ಒಂಬತ್ತು ವರ್ಷ ಆಡಿ, ಒಂದು ಪ್ಲೇಆಫ್ ಪಂದ್ಯವನ್ನೂ ಗೆಲ್ಲದೆ, 30ನೇ ವಯಸ್ಸಿಗೆ ಸಾಕು ಎಂದ. ಸರಿ, ಹಾಗಾದರೆ ಗೋಡೆ ಆರಿಸಿಕೊಂಡ ಕ್ಲೀವ್‌ಲ್ಯಾಂಡ್ ಗೆದ್ದಿತೇ? ಥಾಮಸ್ ಒಂದು ಸಲವೂ ಬಿಡುವು ತೆಗೆದುಕೊಳ್ಳದೆ ಸತತ 10,363 ಸಲ ಕಣಕ್ಕಿಳಿದ. ಅವನ ತಂಡ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. 2017ರಲ್ಲಿ ಅವರೂ 16ಕ್ಕೆ 16 ಸೋತರು. ಒಂದು ಮನೆಯಲ್ಲಿ ಊರಿಗೇ ಒಳ್ಳೆಯ ರೇಡಿಯೋ, ಇನ್ನೊಂದರಲ್ಲಿ ಊರಿಗೇ ಗಟ್ಟಿಯಾದ ಒಂದು ತೊಲೆ. ಎರಡು ಮನೆಯೂ ಸೋರಿದವು.

ಕ್ಯಾಲ್ವಿನ್ ನಿವೃತ್ತಿಯ ಸುದ್ದಿ ಬಂದ ದಿನ ಊರಿನ ತಮ್ಮನಿಗೆ ಫೋನ್ ಮಾಡಿದ್ದೆ. ಮಾತು ಹೇಗೋ ಮರ್ಫಿಗೆ ಬಂತು. ಅಪ್ಪ ತೊಲೆ ಬದಲಾಯಿಸಿ ಮಂಗಳೂರು ಹೆಂಚು ಹೊದಿಸಿದ್ದು 1981ರಲ್ಲಿ. "ರೇಡಿಯೋ ಅದಕ್ಕೆ ಎರಡು ವರ್ಷ ಮೊದಲೇ ಕೆಟ್ಟಿತ್ತಲ್ಲಣ್ಣ, ಅಟ್ಟಕ್ಕೆ ಹಾಕಿದ್ದು ನಾನೇ" ಎಂದ ತಮ್ಮ.

ಕಾಲ ಬದಲಾದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಮುದುಕರ ವಾದವಾಗುತ್ತದೆ. 2004ರಿಂದ ರಿಸೀವರನ್ನು ಅಡ್ಡಗಟ್ಟುವ ನಿಯಮವನ್ನು ಬಿಗಿ ಮಾಡಿದರು, ಚೆಂಡು ಎಸೆಯುವ ಆಟಕ್ಕೆ ದಾರಿ ಸಲೀಸಾಯಿತು. 2011ರಲ್ಲಿ ಹೊಸ ಹುಡುಗರ ಸಂಬಳಕ್ಕೆ ಮಿತಿ ಹಾಕಿದರು. ಈಗ ಹೆಸರು ಮಾಡಿದ ರಿಸೀವರನ್ನು ಹೊರಗಿಂದ ತರಬೇಕೆಂದರೆ ಗಂಟೇ ಕರಗುತ್ತದೆ. ಡ್ರಾಫ್ಟಿನಲ್ಲಿ ಆರಿಸಿಕೊಂಡರೆ ನಾಲ್ಕೈದು ವರ್ಷ ಅಗ್ಗ. 2021ರಲ್ಲಿ ಸಿನ್ಸಿನಾಟಿಯವರ ಮುಂದೆ ನಮ್ಮ ಹಳೆಯ ಪ್ರಶ್ನೆಯೇ ಬಂತು. ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋ ಹಿಂದಿನ ವರ್ಷ ಮೊಣಕಾಲಿಗೆ ಭಾರಿ ಪೆಟ್ಟು ಮಾಡಿಕೊಂಡಿದ್ದ. ಗೋಡೆಗೆ ಪನೇ ಸೀವೆಲ್, ಚೆಂಡಿಗೆ ಜಮಾರ್ ಚೇಸ್, ಯಾರು ಬೇಕು? ಐದನೆಯ ಸರದಿಯಲ್ಲಿ ಅವರು ಚೇಸ್ ಎಂದರು. ನಾನು ಫೋನಿನಲ್ಲಿ ಮಗನ ಹತ್ತಿರ ನಕ್ಕೆ. ಚೇಸ್ ಮೊದಲ ವರ್ಷವೇ 1,455 ಗಜ ಗಳಿಸಿದ, ತಂಡ ಸೂಪರ್ ಬೌಲ್ ಫೈನಲ್ಲಿಗೇ ಹೋಯಿತು. ನನ್ನ ನಗು ನಿಂತಿತು. ಆ ಫೈನಲ್ಲಿನಲ್ಲಿ ಬರೋ ಏಳು ಸಲ ನೆಲ ಕಚ್ಚಿದ, ಮೂರು ಅಂಕಗಳಿಂದ ಸೋತರು. ಇದರಿಂದ ಯಾರ ವಾದ ಗೆದ್ದಿತು ಎಂದು ಮಗನೂ ನಾನೂ ಇನ್ನೂ ತೀರ್ಮಾನಿಸಿಲ್ಲ.

ಸೀವೆಲ್ ಏಳನೆಯ ಸರದಿಯಲ್ಲಿ ನಮಗೆ ಸಿಕ್ಕಿದ. ಅದೇ ವರ್ಷ ನಾಲ್ಕನೆಯ ಸುತ್ತಿನಲ್ಲಿ, 112ನೆಯವನಾಗಿ, ಅಮೋನ್-ರಾ ಸೇಂಟ್ ಬ್ರೌನ್ ಎಂಬ ರಿಸೀವರನ್ನೂ ತಂದರು. ತನಗಿಂತ ಮೊದಲು ಕರೆಸಿಕೊಂಡ 16 ರಿಸೀವರುಗಳ ಹೆಸರನ್ನು ಅವನು ಇವತ್ತಿಗೂ ಒಂದೂ ತಪ್ಪದೆ ಹೇಳುತ್ತಾನೆ. 2024ರ ಜನವರಿಯಲ್ಲಿ ಲಯನ್ಸ್ 32 ವರ್ಷದ ನಂತರ ಒಂದು ಪ್ಲೇಆಫ್ ಪಂದ್ಯ ಗೆದ್ದರು. ನೆರೆಮನೆಯ ಮುದುಕ ಅದನ್ನು ನೋಡಲಿಲ್ಲ; ಹೋಗಿ ನಾಲ್ಕು ವರ್ಷವಾಗಿತ್ತು. ಗೋಡೆ ಒಂದು ಮಟ್ಟಿಗೆ ನಿಂತಮೇಲೆ, 2022ರಲ್ಲಿ, ಲಯನ್ಸ್ 32ನೆಯ ಸರದಿಯಿಂದ 12ಕ್ಕೆ ಜಿಗಿದು ಜೇಮ್‌ಸನ್ ವಿಲಿಯಮ್ಸ್ ಎಂಬ ರಿಸೀವರನ್ನೇ ಆರಿಸಿದ್ದರು. ಆಗ ನಾನು ಗೊಣಗಲಿಲ್ಲ. ಸೂರು ನಿಂತಿದ್ದರೆ ರೇಡಿಯೋ ತನ್ನಿ, ಬೇಡ ಅಂದವರ್ಯಾರು?

2024ರ ಏಪ್ರಿಲ್ಲಿನಲ್ಲಿ ಡ್ರಾಫ್ಟ್ ಡೆಟ್ರಾಯಿಟ್ ಊರಿಗೇ ಬಂತು. ಹಿಂದಿನ ದಿನ ಸೀವೆಲ್‌ಗೆ ನಾಲ್ಕು ವರ್ಷಕ್ಕೆ 11 ಕೋಟಿ 20 ಲಕ್ಷ ಡಾಲರ್, ಸೇಂಟ್ ಬ್ರೌನ್‌ಗೆ 12 ಕೋಟಿ ಡಾಲರ್ ಎಂದು ಸುದ್ದಿ. ಗೋಡೆಗಿಂತ ರೇಡಿಯೋಗೇ 80 ಲಕ್ಷ ಜಾಸ್ತಿ. ಮೂರು ದಿನದಲ್ಲಿ ಏಳು ಲಕ್ಷಕ್ಕೂ ಮೀರಿ ಜನ ಸೇರಿದರು. ಮಗನೂ ನಾನೂ ಮೊದಲ ರಾತ್ರಿ ಹೋಗಿ, ದೂರದ ಪರದೆಯಲ್ಲಿ ಎಲ್ಲ ನೋಡಿ ಬಂದೆವು. ಲಯನ್ಸ್ ಆ ರಾತ್ರಿ ಆರಿಸಿದ್ದು ರಿಸೀವರನ್ನಲ್ಲ, ಎದುರಾಳಿ ರಿಸೀವರನ್ನು ತಡೆಯುವವನನ್ನು. ಕಾರು ನಿಲ್ಲಿಸಿದ್ದಕ್ಕೆ 40 ಡಾಲರ್ ಕಿತ್ತರು. ಆಗ ಡಾಲರಿಗೆ 83 ರೂಪಾಯಿ ಇತ್ತು. ಬನೀನಿನ ದುಡ್ಡು ಪಾರ್ಕಿಂಗಿಗೇ ಹೋಯಿತು.