ಸೌಟು ಕೊಟ್ಟವರು ಯಾರು?

ನಾನು ಮೀನು ತಿನ್ನುವವನಲ್ಲ. ಆದರೆ ಮೀನಿನ ಲೆಕ್ಕ ಬರೆದೇ ಹೊಟ್ಟೆ ಹೊರೆದವನು. 1978ರಲ್ಲಿ ಕುಂದಾಪುರದ ಹತ್ತಿರ, ಕಡಲ ಬದಿಯ ಒಂದು ಶಾಖೆಯಲ್ಲಿ ನಾನು ಸಾಲದ ವಿಭಾಗದ ಗುಮಾಸ್ತ. ಅದನ್ನು ತಿಳಿದಿದ್ದ ನಮ್ಮೂರ ಶಾಲೆಯ ಟೀಚರಮ್ಮ ಕಳೆದ ತಿಂಗಳು ಮನೆಗೇ ಬಂದು, "ಏಳನೆಯ ತರಗತಿಯವರಿಗೆ ಕಡಲಿನ ಬಗ್ಗೆ ಒಂದು ಪೀರಿಯಡ್ ಮಾತಾಡಿ ಸಾರ್, ಮನುಷ್ಯರಿಂದ ಅದಕ್ಕೆ ಏನಾಗಿದೆ ಅಂತ ಹೇಳಿ" ಎಂದರು.

ಬರೀ ಮಾತಾಡಿದರೆ ಮಕ್ಕಳು ಆಕಳಿಸುತ್ತಾರೆ; ಮೊಮ್ಮಗಳ ಮೇಲೆ ಪ್ರಯೋಗ ಮಾಡಿ ಅನುಭವವಾಗಿದೆ. ಹಾಗಾಗಿ ಒಂದು ಹರಿವಾಣ, 40 ಹುಣಸೆ ಬೀಜ, ಮನೆಯಾಕೆಯ ಸಾರಿನ ಸೌಟು ಚೀಲಕ್ಕೆ ಹಾಕಿಕೊಂಡು ಹೋದೆ. ಇನ್ನೊಂದಷ್ಟು ಬೀಜ ಕಿಸೆಯಲ್ಲಿತ್ತು.

ಹರಿವಾಣವೇ ಕಡಲು, ಬೀಜವೇ ಬಂಗುಡೆ, ಭೂತಾಯಿ. ನಾಲ್ವರು ಮಕ್ಕಳು ಸುತ್ತ ಕುಳಿತರು. ಹತ್ತು ಎಣಿಸುವುದರೊಳಗೆ ಎರಡೇ ಬೆರಳಿನಲ್ಲಿ ಹೆಕ್ಕಬೇಕು. ಉಳಿದ ಬೀಜ ಮರಿ ಹಾಕುತ್ತದೆ, ಒಂದಕ್ಕೆ ಇನ್ನೊಂದು ನಾನು ಸೇರಿಸುತ್ತೇನೆ. ಮೊದಲ ಸಲ ಹೆಕ್ಕಿದ್ದು 22. ಉಳಿದ 18 ಇಮ್ಮಡಿಯಾಗಿ 36 ಆಯಿತು. "ಇದು ರಂಪಣಿ" ಎಂದೆ.

ರಂಪಣಿ ಎಂದರೆ ಏನೆಂದು ಈಗಿನ ಮಕ್ಕಳಿಗೆ ಹೇಳಲೇಬೇಕು. ದೋಣಿಯಲ್ಲಿ ಹೋಗಿ ಉದ್ದನೆಯ ಬಲೆಯನ್ನು ಅರ್ಧ ಚಂದ್ರನ ಹಾಗೆ ಬಿಟ್ಟು, ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ದಡದ ಹತ್ತಿರಕ್ಕೆ ಬಂದ ಮೀನು ಮಾತ್ರ ಸಿಗುವುದು. ಬಂದದ್ದನ್ನು ಪಾಲು ಹಾಕುವುದು. ನಾನು ಹೊಸದಾಗಿ ಆ ಊರಿಗೆ ಹೋದಾಗ ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆರೆಯುವ ಮೊದಲು ಅದನ್ನು ನೋಡಲೆಂದೇ ದಡಕ್ಕೆ ಹೋಗುತ್ತಿದ್ದೆ.

ಎರಡನೆಯ ಸಲಕ್ಕೆ ಒಬ್ಬ ಹುಡುಗನ ಕೈಗೆ ಸೌಟು ಕೊಟ್ಟೆ. ಅದನ್ನು ನೋಡಿದ್ದೇ ತಡ, ಉಳಿದ ಮೂವರು ನಿಯಮ ಮರೆತು ಮುಷ್ಟಿಯಲ್ಲೇ ಬಾಚಿದರು. ಹರಿವಾಣದಲ್ಲಿ ಉಳಿದದ್ದು ಎರಡು ಬೀಜ. ಇಮ್ಮಡಿಯಾದರೆ ನಾಲ್ಕು. "ತಲೆಗೊಂದು!" ಎಂದು ಹಿಂದಿನ ಬೆಂಚಿನ ಹುಡುಗಿ ನಕ್ಕಳು.

"ಈ ಸೌಟೇ ಪರ್ಸೀನ್ ಬಲೆ" ಎಂದೆ. 1970ರ ದಶಕದ ಕೊನೆಯಲ್ಲಿ ನಮ್ಮ ಕರಾವಳಿಯಲ್ಲಿ ಹೆಚ್ಚಿದ ಬಲೆ ಅದು. ಯಂತ್ರದ ದೋಣಿ ಮೀನಿನ ಹಿಂಡಿನ ಬಳಿಗೇ ಹೋಗಿ ಸುತ್ತ ಬಲೆ ಬಿಡುತ್ತದೆ. ಆಮೇಲೆ ಅಡಿಯ ಹಗ್ಗ ಎಳೆದರೆ, ಅಜ್ಜಿಯ ಎಲೆ ಅಡಿಕೆ ಸಂಚಿಯ ಬಾಯಿ ಮುಚ್ಚಿದ ಹಾಗೆ, ಹಿಂಡಿಗೆ ಹಿಂಡೇ ಒಳಗೆ. ಕೆಲವೇ ವರ್ಷಗಳಲ್ಲಿ ರಂಪಣಿಗಳು ಒಂದೊಂದಾಗಿ ನಿಂತವು.

ಅಷ್ಟರಲ್ಲಿ ಸೌಟು ಹಿಡಿದಿದ್ದ ಹುಡುಗ ತಲೆ ತಗ್ಗಿಸಿಕೊಂಡೇ ಕೇಳಿದ: "ನೀವೇ ಅಲ್ದಾ ಅಜ್ಜ, ಸೌಟ್ ಕೊಟ್ಟದ್ದ್?"

ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಹೌದು, ನಾನೇ. ಆ ಬೋಟುಗಳ ಸಾಲದ ಅರ್ಜಿಗಳನ್ನು ತುಂಬಿಸಿದ್ದು, ಟೈಪ್ ಮಾಡಿದ್ದು ಈ ಕೈಯೇ. ಬೋಟಿಗೆ ಎಷ್ಟು, ಬಲೆಗೆ ಎಷ್ಟು, ಕಂತು ಎಷ್ಟು ಎಂದೆಲ್ಲ ಬರೆದೆವು. ಮೀನು ಎಷ್ಟಿದೆ ಎಂಬ ಕಾಲಂ ಆ ನಮೂನೆಯಲ್ಲಿ ಇರಲಿಲ್ಲ. ರಂಪಣಿ ಎಳೆಯುತ್ತಿದ್ದ ಒಬ್ಬರು ಕೌಂಟರಿಗೆ ಬಂದು, "ಇನ್ನು ನಾವು ಎಂತ ಮಾಡುದು?" ಎಂದಾಗ, ನೀವೂ ಸೇರಿ ಅರ್ಜಿ ಹಾಕಿ ಎಂದು ನಮೂನೆ ಚಾಚಿದ್ದೆ. ಅವರು ಅದನ್ನು ಮುಟ್ಟದೆ ಹೋದರು.

ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. ತರಗತಿ ಸುಮ್ಮನಾಯಿತು. ಆ ಹುಡುಗ ಮಾತ್ರ, "ನಮ್ಮಪ್ಪಯ್ಯ ಪರ್ಸೀನ್ ಬೋಟಿಗೇ ಹೋಪ್ದ್" ಎಂದ. ಅವನ ಫೀಸು, ಚಪ್ಪಲಿ ಎಲ್ಲವೂ ಅದರಿಂದಲೇ. ಅವನ ಅಪ್ಪ ಕಳ್ಳನೆಂದು ನಾನು ಹೇಳಿದ ಹಾಗಾಯಿತೇ ಎಂದು ಗಾಬರಿಯಾಯಿತು. ಭೂತಾಯಿ ಕೆಲವೊಮ್ಮೆ ಕಡಲಿನದೇ ಕಾರಣಕ್ಕೆ ಮರೆಯಾಗುವುದುಂಟು, ಯಂತ್ರದ ಬೋಟುಗಳಿಲ್ಲದ 1940ರ ದಶಕದಲ್ಲೂ ಹಾಗಾಗಿತ್ತು, ಎಲ್ಲ ತಪ್ಪೂ ಬಲೆಯದ್ದಲ್ಲ ಎಂದೆ. ಜೂನ್, ಜುಲೈ ಪೂರ್ತಿ 61 ದಿನ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಹಲವು ಮೀನುಗಳು ಮೊಟ್ಟೆಯಿಡುವುದರಿಂದ ಆ ರಜೆ ಎಂದೂ ಹೇಳಿದೆ. ಎಲ್‌ಇಡಿ ದೀಪದ ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ್ದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹುಡುಗ ಸೌಟನ್ನು ತಿರುಗಿಸಿ ನೋಡಿದ. "ಇದ್ಕೆ ತೂತ್ ಮಾಡಿರೆ ಸಣ್ಣದ್ ಕೆಳಗೆ ಬೀಳತ್ತಲ್ದಾ?" ಎಂದ. ಬಲೆಯ ಕಣ್ಣು ದೊಡ್ಡದಿರಲಿ, ಮರಿಮೀನು ತಪ್ಪಿಸಿಕೊಳ್ಳಲಿ ಎಂದು ತಜ್ಞರು ಹೇಳುವುದೂ ಅದನ್ನೇ. ನಾನಿನ್ನೂ ಆ ವಿಷಯಕ್ಕೆ ಬಂದಿರಲಿಲ್ಲ.

ಹಿಂದಿನ ಬೆಂಚಿನ ಹುಡುಗಿಗೆ ಬೇರೆಯದೇ ಪ್ರಶ್ನೆ. ರಂಪಣಿಯಲ್ಲಿ ಎಳೆಯಲಾಗದ ಮುದುಕರಿಗೂ ಪಾಲು ಇತ್ತಾ? ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳ ಅಜ್ಜ ಎಳೆದವರಂತೆ. ಬರುವ ಶನಿವಾರ ಅವರನ್ನು ಕರೆತರುತ್ತಾಳಂತೆ, ನಾನೂ ಬರಬೇಕಂತೆ. ಜೊತೆಗೆ ಮನೆಯಾಕೆಯ ಜಾಲರಿ ಸೌಟನ್ನೂ ತರಬೇಕಂತೆ. ಅದಕ್ಕೆ ಅವಳಿಂದ ಇನ್ನೂ ಅನುಮತಿ ಸಿಕ್ಕಿಲ್ಲ.