ಮುಗಿಯದ ತಪಾಸಣೆ

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಇತಿಹಾಸ ಬೋಧಿಸಿ ನಿವೃತ್ತನಾದ ನಾನು ವಾಲ್ಪಾರೈಯ ಚಹಾತೋಟಗಳ ಹಳೆಯ ನೆನಪುಗಳನ್ನು ಬರೆಯುವೆನೆಂದೇ ಅವರು ಎಣಿಸಿದ್ದರು. ಆದರೆ ಕಳೆದ ಮಳೆಗಾಲದಲ್ಲಿ ನನ್ನಿಂದಾದ ಒಂದು ತಪ್ಪನ್ನು ಸಂಘದ ಬಂಧುಗಳ ಮುಂದೆ ಒಪ್ಪಿಕೊಳ್ಳುವುದು ಅದಕ್ಕಿಂತ ಮುಖ್ಯವೆಂದು ನನಗೆ ತೋರಿತು.

ನಮ್ಮ ಸಂಘದ ಜಾಲತಾಣದಲ್ಲಿ ಹಳೆಯ ಸಂಚಿಕೆಗಳು, ಭಾವಚಿತ್ರಗಳು, ಸದಸ್ಯತ್ವದ ಮತ್ತು ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳು ಇರುವುದು ತಮಗೆಲ್ಲ ತಿಳಿದಿದೆ. ಅದು ಸುರಕ್ಷಿತವಾಗಿದೆಯೇ ಎಂದು ಸಮಿತಿಯ ಸಭೆಯಲ್ಲಿ ಖಜಾಂಚಿಗಳು ಕೇಳಿದರು. ಯಾರೂ ಮಾತನಾಡದಿದ್ದಾಗ, ಮುಂದಿನ ಭಾನುವಾರದೊಳಗೆ ವರದಿ ಒಪ್ಪಿಸುವ ಹೊಣೆಯನ್ನು ನಾನೇ ಹೊತ್ತೆ. ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ರಜೆಗೆಂದು ಮನೆಗೆ ಬಂದಿದ್ದುದೇ ನನ್ನ ಧೈರ್ಯಕ್ಕೆ ಕಾರಣ.

ಅವಳು ಆರಿಸಿಕೊಂಡದ್ದು ಜ್ಯಾಪ್ ಎಂಬ ತಂತ್ರಾಂಶ. ೨೦೧೦ರಲ್ಲಿ ಮೊದಲು ಬಿಡುಗಡೆಯಾದ ಇದು ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಇದರ ಕೆಲಸ ಎರಡು ಹಂತದ್ದು. ಶಾಲಾ ತಪಾಸಣೆಗೆ ಬಂದ ಅಧಿಕಾರಿಗಳು ಮೊದಲು ಎಲ್ಲ ಕೊಠಡಿಗಳನ್ನೂ ಸುತ್ತಿ, ಬಳಿಕ ಒಂದೊಂದು ತರಗತಿಯಲ್ಲಿ ಕುಳಿತು ಪ್ರಶ್ನೆ ಕೇಳುವಂತೆ, ಇದೂ ಮೊದಲು ಕೊಂಡಿಯಿಂದ ಕೊಂಡಿಗೆ ಸಾಗಿ ತಾಣದ ಪುಟಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಅನಂತರ ಕಳ್ಳನು ಬಾಗಿಲು ಕಿಟಕಿಗಳನ್ನು ತಳ್ಳಿ ನೋಡುವಂತೆ ಪ್ರತಿಯೊಂದು ಪುಟವನ್ನೂ ಪರೀಕ್ಷಿಸುತ್ತದೆ. ಪರರ ತಾಣದ ಮೇಲೆ ಅನುಮತಿಯಿಲ್ಲದೆ ಇಂತಹ ಪರೀಕ್ಷೆ ನಡೆಸಬಾರದಾದ್ದರಿಂದ, ಸಮಿತಿಯಿಂದಲೂ ಸರ್ವರಿನವರಿಂದಲೂ ಲಿಖಿತ ಒಪ್ಪಿಗೆ ಪಡೆದೆವು.

"ತಾತ, ಕೊಂಡಿಗಳ ಆಳಕ್ಕೆ ಇಲ್ಲಿ ೫ ಎಂಬ ಮಿತಿಯಿದೆ. ಹಾಗೇ ಬಿಡಲೇ?" ಎಂದು ಅವಳು ಕೇಳಿದಳು.

"ಒಂದು ಪುಟವೂ ಬಿಟ್ಟುಹೋಗಬಾರದಮ್ಮ" ಎಂದೆ. ಅವಳು ಐದನ್ನು ಅಳಿಸಿ ಸೊನ್ನೆ ಬರೆದಳು. ಅಲ್ಲಿ ಸೊನ್ನೆಯೆಂದರೆ ಮಿತಿಯೇ ಇಲ್ಲವೆಂದು ಅರ್ಥ.

ಸಂಜೆ ಆರಂಭವಾದ ತಪಾಸಣೆ ರಾತ್ರಿಯ ಊಟದ ಹೊತ್ತಿಗೆ ಶೇಕಡಾ ೯೯ ಮುಗಿದಿತ್ತು. ಬೆಳಗಿನ ಕಾಫಿಯ ವೇಳೆಗೂ ಅದು ೯೯ರಲ್ಲೇ ನಿಂತಿತ್ತು. ಹೊರಗೆ ಜಡಿಮಳೆ ಸುರಿಯುತ್ತಿದ್ದುದರಿಂದ ನಾನು ಮಳೆಯನ್ನೂ ವಿದ್ಯುತ್ತನ್ನೂ ಶಂಕಿಸಿದೆ. ಮರುದಿನ ಆಳಿಯಾರಿನ ಕಡೆಗಿಳಿಯುವ ಘಾಟಿಯ ೪೦ ತಿರುವುಗಳನ್ನು ದಾಟಿ ಪೊಳ್ಳಾಚಿಯ ತಮ್ಮನ ಮನೆಗೆ ಕಂಪ್ಯೂಟರನ್ನು ಒಯ್ದೆವು. ಅಲ್ಲಿ ಮಳೆಯಿರಲಿಲ್ಲ, ವಿದ್ಯುತ್ತು ಹೋಗಲಿಲ್ಲ. ಆದರೂ ಅದೇ ೯೯. ನಮ್ಮ ಅವಸರಕ್ಕೆ ಸರ್ವರ್ ಬಳಲಿರಬಹುದೆಂದು, ಒಂದು ಕೋರಿಕೆಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಟ್ಟು ನೋಡಿದೆವು. ನಡಿಗೆ ನಿಧಾನವಾಯಿತೇ ಹೊರತು ದಾರಿ ಮುಗಿಯಲಿಲ್ಲ.

ಶನಿವಾರದ ರಾತ್ರಿ ನನ್ನ ತಾಳ್ಮೆ ಕೈಕೊಟ್ಟಿತು. "ನೂರರಲ್ಲಿ ತೊಂಬತ್ತೊಂಬತ್ತು ಆಗಿದೆಯಲ್ಲ. ದೊಡ್ಡ ದೋಷವೇನೂ ಕಂಡುಬಂದಿಲ್ಲವೆಂದು ವರದಿ ಬರೆದುಬಿಡೋಣ" ಎಂದೆ.

ಅವಳು ನನ್ನನ್ನೇ ನೋಡಿ, "ತಾತ, ಉತ್ತರಪತ್ರಿಕೆಯನ್ನು ಪೂರ್ತಿ ಓದದೆ ನೀವು ಯಾವತ್ತಾದರೂ ಅಂಕ ಕೊಟ್ಟಿದ್ದೀರಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಗ ಅವಳು ಶೇಕಡಾವಾರು ಅಂಕಿಯನ್ನು ನೋಡುವುದು ಬಿಟ್ಟು, ಸ್ಕ್ಯಾನರ್ ಆ ಗಳಿಗೆಯಲ್ಲಿ ಯಾವ ಪುಟವನ್ನು ಓದುತ್ತಿದೆಯೆಂಬ ಪಟ್ಟಿಯನ್ನು ತೆರೆದಳು. ಮೂರು ದಿನಗಳ ಹಿಂದೆಯೇ ಮಾಡಬೇಕಾಗಿದ್ದ ಕೆಲಸವದು. ಪಟ್ಟಿಯ ಕೊನೆಯ ಸಾಲುಗಳು ಹೀಗಿದ್ದವು: ಜನವರಿ ೨೩೯೧, ಫೆಬ್ರವರಿ ೨೩೯೧, ಮಾರ್ಚ್ ೨೩೯೧. ನಮ್ಮ ಮರಿಮಕ್ಕಳ ಮರಿಮಕ್ಕಳೂ ಇರಲಾರದ ಕಾಲದ ಸಂಘದ ಕಾರ್ಯಕ್ರಮಗಳನ್ನು ಅದು ಶ್ರದ್ಧೆಯಿಂದ ಪರಿಶೀಲಿಸುತ್ತಿತ್ತು!

ಹಬ್ಬಗಳೂ ಕಾರ್ಯಕ್ರಮಗಳೂ ಒಂದೆಡೆ ಕಾಣಬೇಕೆಂದು ಹಟ ಹಿಡಿದು ಜಾಲತಾಣಕ್ಕೆ ಕ್ಯಾಲೆಂಡರ್ ಸೇರಿಸಿದವನು ನಾನೇ. ಅದರ ಪ್ರತಿಯೊಂದು ಪುಟದಲ್ಲೂ 'ಮುಂದಿನ ತಿಂಗಳು' ಎಂಬ ಕೊಂಡಿಯಿದೆ. ಒಂದು ತಿಂಗಳನ್ನು ಓದಿ ಮುಗಿಸಿದೊಡನೆ ಇನ್ನೊಂದು ಹುಟ್ಟುತ್ತದೆ. ಸಾವಿರಾರು ಪುಟಗಳು ಮುಗಿದು ಒಂದೋ ಎರಡೋ ಉಳಿದಿರುವಾಗ ಲೆಕ್ಕಕ್ಕೆ ಬರುವುದು ೯೯ ಮಾತ್ರ. ಆ ಉಳಿಕೆ ಎಂದಿಗೂ ತೀರುವುದಿಲ್ಲ. ನಮ್ಮ ಘಾಟಿಯ ತಿರುವುಗಳಿಗೆ ಸಂಖ್ಯೆಯ ಫಲಕಗಳುಂಟು, ಎಷ್ಟು ಉಳಿದವೆಂದು ಪ್ರಯಾಣಿಕನಿಗೆ ಗೊತ್ತಾಗುತ್ತದೆ. ಕಾಲದ ದಾರಿಗೆ ಅಂತಹ ಕೊನೆಯ ಫಲಕವೆಲ್ಲಿ? ಯಂತ್ರ ಕೆಟ್ಟಿರಲಿಲ್ಲ. ನಾನು ಹೇಳಿದ್ದನ್ನೇ ಅದು ಅಕ್ಷರಶಃ ಪಾಲಿಸುತ್ತಿತ್ತು.

ಇದಕ್ಕಿಂತ ನನ್ನನ್ನು ನಡುಗಿಸಿದ್ದು ಅವಳ ಮುಂದಿನ ಮಾತು: "ತಾತ, ಇಷ್ಟು ದಿನ ನಡೆದದ್ದು ಬರಿಯ ಪುಟಗಳ ಪಟ್ಟಿ. ನಿಜವಾದ ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ." ಶೇಕಡಾ ೯೯ ಎಂದು ನಾನು ನಂಬಿದ್ದು ಮೊದಲ ಹಂತದ ಲೆಕ್ಕ. ಎರಡನೆಯ ಹಂತದ ಲೆಕ್ಕ ಸೊನ್ನೆ.

ಪರಿಹಾರಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಕ್ಯಾಲೆಂಡರಿನ ಪುಟಗಳನ್ನು ತಪಾಸಣೆಯಿಂದ ಹೊರಗಿಟ್ಟು, ಆಳದ ಮಿತಿಯನ್ನು ಮತ್ತೆ ೫ಕ್ಕೆ ತಂದು ಹೊಸದಾಗಿ ಆರಂಭಿಸಿದೆವು. ಬೆಳಗಿನ ಜಾವಕ್ಕೆ ಎರಡು ಹಂತಗಳೂ ಮುಗಿದು ವರದಿ ಬಂತು. ಸದಸ್ಯರ ಭಾವಚಿತ್ರಗಳಿದ್ದ ಕಡತಕೋಶಕ್ಕೆ ತಡೆಯೇ ಇಲ್ಲವೆಂದೂ, ಅದರೊಳಗಿನ ಎಲ್ಲ ಕಡತಗಳ ಪಟ್ಟಿ ಯಾರು ಬೇಕಾದರೂ ನೋಡುವಂತೆ ತೆರೆದುಕೊಂಡಿದೆಯೆಂದೂ ಅದು ಎಚ್ಚರಿಸಿತ್ತು. ತೆರೆದು ನೋಡಿದೆವು. ವಿದ್ಯಾರ್ಥಿವೇತನದ ಅರ್ಜಿಗಳೂ, ಅವುಗಳೊಂದಿಗೆ ಲಗತ್ತಿಸಿದ ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳೂ ಅಲ್ಲೇ ಇದ್ದವು.

ತೋಟದ ಲೈನ್ ಮನೆಯಲ್ಲಿರುವ ಒಬ್ಬ ವಿಧವೆ ತಾಯಿಯ ಅರ್ಜಿಯೂ ಅವುಗಳಲ್ಲಿತ್ತು. ಮಗನ ಓದಿಗಾಗಿ ಸಲ್ಲಿಸಿದ ಆ ಅರ್ಜಿಯನ್ನು ತುಂಬಿಕೊಟ್ಟವನು ನಾನು. "ಮೇಷ್ಟ್ರು ಹೇಳಿದ ಮೇಲೆ ಯೋಚನೆ ಯಾಕೆ?" ಎಂದು ಆಕೆ ಹೆಬ್ಬೆಟ್ಟೊತ್ತಿದ್ದು ಕಣ್ಣಿಗೆ ಕಟ್ಟಿತು. ರಾತ್ರಿ ನಾನು ಬರೆಯಹೊರಟಿದ್ದ ವರದಿ ಅವಳ ಆ ನಂಬಿಕೆಗೆ ಮಾಡುವ ದ್ರೋಹವಾಗುತ್ತಿತ್ತು.

ಬೆಳಗಾಗುವುದರೊಳಗೆ ಆ ಕಡತಗಳನ್ನು ಬೇರೆಡೆಗೆ ಸಾಗಿಸಿ, ಪಟ್ಟಿ ಕಾಣದಂತೆ ಮಾಡಿಸಿದೆವು. ಭಾನುವಾರದ ಸಭೆಯಲ್ಲಿ ನಡೆದುದನ್ನೆಲ್ಲ ಮುಚ್ಚಿಡದೆ ಓದಿದೆ. ಅರ್ಜಿ ಸಲ್ಲಿಸಿದ ಪ್ರತಿಯೊಂದು ಮನೆಗೂ ವಿಷಯ ತಿಳಿಸಿ, ಬ್ಯಾಂಕ್ ಖಾತೆಯ ಮೇಲೆ ಕಣ್ಣಿಡುವಂತೆ ಹೇಳಬೇಕೆಂದು ಸಮಿತಿ ನಿರ್ಧರಿಸಿತು. ಲೈನ್ ಮನೆಗೆ ನಾನೇ ಹೋಗಿ ಬಂದೆ. ಆಕೆ ನನ್ನನ್ನು ಬೈಯಲಿಲ್ಲ, ಚಹಾ ಮಾಡಿಕೊಟ್ಟಳು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೋ ಏನೋ.

ನಮ್ಮೂರಿನಲ್ಲಿ ಆನೆಗಳು ಸಮೀಪದಲ್ಲಿದ್ದರೆ ಎಚ್ಚರಿಸಲು ಕೆಂಪು ದೀಪಗಳನ್ನು ನೆಟ್ಟಿದ್ದಾರೆ. ದೀಪ ಉರಿದರೆ ಆನೆಯಿದೆಯೆಂದು ತಿಳಿಯಬಹುದು. ಉರಿಯದಿದ್ದ ಮಾತ್ರಕ್ಕೆ ಆನೆಯಿಲ್ಲವೆಂದು ಇಲ್ಲಿನವರಾರೂ ಕತ್ತಲೆಯಲ್ಲಿ ತೋಟಕ್ಕೆ ನುಗ್ಗುವುದಿಲ್ಲ. ಯಾರೂ ಇನ್ನೂ ನೋಡಿಲ್ಲದಿರಬಹುದು. ದೋಷ ಕಾಣಲಿಲ್ಲವೆಂಬುದೂ ದೋಷವಿಲ್ಲವೆಂಬುದೂ ಬೇರೆ ಬೇರೆ ಎಂಬ ಈ ಪಾಠವನ್ನು ಆನೆಗಳ ನಡುವೆ ಬಾಳಿಯೂ ನಾನು ಮರೆತಿದ್ದೆ. ಎಪ್ಪತ್ತು ದಾಟಿದ ಮೇಷ್ಟರಿಗೆ ಅದನ್ನು ಮತ್ತೆ ಕಲಿಸಿದವಳು ಮೊಮ್ಮಗಳು.

ಈಗ ನಮ್ಮ ಜಾಲತಾಣದ ಕ್ಯಾಲೆಂಡರ್ ಈ ವರ್ಷವನ್ನೂ ಮುಂದಿನ ವರ್ಷವನ್ನೂ ಮಾತ್ರ ತೋರಿಸುತ್ತದೆ. ಮುಂದಿನ ಸಮ್ಮೇಳನದ ದಿನಾಂಕ ಅದರಲ್ಲಿ ಬಂದೊಡನೆ ತಾವೆಲ್ಲರೂ ಗುರುತು ಹಾಕಿಕೊಳ್ಳಬೇಕೆಂದು ಕೋರುತ್ತೇನೆ.