ಸಂಸಾರದೊಡನೆ ಕಾಕನಕೋಟೆಯ ಕಾಡಿಗೆ

ಹೆಗ್ಗಡದೇವನಕೋಟೆಯ ಕಾಡನ್ನು ನೋಡಿಬರಬೇಕೆಂಬ ಆಶೆ ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ್ದು ಮಕ್ಕಳಿಗಲ್ಲ, ನಮ್ಮ ತಾಯಿಯವರಿಗೆ. ಅವರ ತೌರೂರು ಆ ತಾಲ್ಲೂಕಿನಲ್ಲಿ ಕಪಿಲಾ ನದಿಯ ದಡದ ಮೇಲಿದ್ದ ಒಂದು ಸಣ್ಣ ಹಳ್ಳಿ. ಅವರು ಮದುವೆಯಾಗಿ ಮೈಸೂರಿಗೆ ಬಂದ ಕೆಲವು ವರ್ಷಗಳ ಮೇಲೆ, 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಆ ಹಳ್ಳಿಯೂ ನೆರೆಹೊರೆಯ ಇನ್ನೂ ಹಲವು ಹಳ್ಳಿಗಳೂ, ಹಿಂದೆ ಮಹಾರಾಜರ ಕಾಲದಲ್ಲಿ ಆನೆಗಳನ್ನು ಹಿಡಿಯುತ್ತಿದ್ದ ಹಳೆಯ ಕಾಕನಕೋಟೆಯ ಖೆಡ್ಡಾ ಬಯಲೂ ನೀರಿನಲ್ಲಿ ಮುಳುಗಿದುವು. ಅಂದಿನಿಂದ ಅವರು ಆ ಕಡೆಗೆ ತಲೆಹಾಕಿರಲಿಲ್ಲ. ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ ಒಂದು ದಿನ ಊಟಕ್ಕೆ ಕುಳಿತಿದ್ದಾಗ, “ಆ ನೀರಿನ ಮೇಲೆ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರಂತಲ್ಲ” ಎಂದು ಮಾತ್ರ ಹೇಳಿದರು. ನಾವು ಒಪ್ಪಿದೆವು. ಆರು ವರ್ಷದ ನಮ್ಮ ಮಗಳೂ ಹತ್ತು ವರ್ಷದ ಅವಳ ಅಣ್ಣನೂ ಹುಲಿಯನ್ನು ನೋಡುವೆವೆಂದು ಕುಣಿದಾಡಿದರು. 2022ರ ಏಪ್ರಿಲ್ ತಿಂಗಳಿನಲ್ಲಿ, ಮಾರ್ಗದರ್ಶಕರೊಡನೆ ಹೋಗಿಬರುವ ಎರಡು ರಾತ್ರಿಗಳ ಪ್ರವಾಸವೊಂದಕ್ಕೆ ಹಣ ಕಟ್ಟಿ ಹೊರಟೆವು.

ಮುದುಕರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಕಾಡಿಗೆ ಹೊರಡತಕ್ಕವರಿಗೆ ನಮ್ಮ ಅನುಭವದಿಂದ ಸ್ವಲ್ಪ ಅನುಕೂಲವಾಗಬಹುದೆಂದು ಇದನ್ನು ಬರೆಯುತ್ತೇವೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನಾವು ಮಾಡಿದ ತಪ್ಪುಗಳಿಂದಲೇ ಕಲಿತದ್ದು.

ಮೊದಲನೆಯ ತಪ್ಪು ದಾರಿಯದು. ಹೇಗೂ ಮನೆ ಬಿಟ್ಟು ಹೊರಟಿದ್ದೇವೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳೆಲ್ಲವೂ ಒಂದರ ಮಗ್ಗುಲಿಗೊಂದು ಇರುವ ತಾಲ್ಲೂಕುಗಳು, ಎಲ್ಲವನ್ನೂ ನೋಡಿಕೊಂಡೇ ಮಧ್ಯಾಹ್ನದ ಹೊತ್ತಿಗೆ ಕಾಡು ಸೇರೋಣವೆಂದು ನಾವು ಲೆಕ್ಕ ಹಾಕಿದೆವು. ಭೂಪಟದ ಮೇಲೆ ಬೆರಳಿಟ್ಟು ನೋಡಿದರೆ ಎಲ್ಲವೂ ಗೇಣು ದೂರ. ಬೆಳಗ್ಗೆ ಚುಂಚನಕಟ್ಟೆಗೆ ಹೋದೆವು. ಕಾವೇರಿಯು ಅಲ್ಲಿ ಬಂಡೆಗಳ ನಡುವೆ ಕವಲೊಡೆದು ಧುಮುಕುವ ಸೊಗಸನ್ನು ನೋಡಬೇಕಾದರೆ ಮಳೆಗಾಲ ಹಿಡಿದ ಮೇಲೆ ಹೋಗಬೇಕು. ಬೇಸಗೆಯಲ್ಲಿ ನೀರು ಸೊರಗಿರುವುದು. ಆದರೂ ಕೋದಂಡರಾಮನ ಗುಡಿಯಲ್ಲಿ ಸೀತಾದೇವಿಯು ರಾಮನ ಬಲಗಡೆಗೆ ನಿಂತಿರುವುದನ್ನು ತಾಯಿಯವರು ಮಕ್ಕಳಿಗೆ ತೋರಿಸಿ ಕಥೆ ಹೇಳುತ್ತ ನಿಂತದ್ದರಿಂದ ಒಂದು ಗಂಟೆ ಕಳೆಯಿತು. ಅಲ್ಲಿಂದ ಬೆಟ್ಟದಪುರ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಕೆಳಗಿನಿಂದಲೇ ಕೈಮುಗಿದು ಬಿಟ್ಟೆವು. ಆ ಮೆಟ್ಟಿಲುಗಳನ್ನು ಬಿಸಿಲಿನಲ್ಲಿ ಹತ್ತುವುದು ಮಂಡಿ ನೋವಿನವರ ಮಾತಲ್ಲ. ಬಳಿಕ ಬೈಲುಕುಪ್ಪೆ. ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದವರು 1960ರ ಈಚೆಗೆ ಕಾಡು ಕಡಿದು ಹೊಲ ಮಾಡಿ ನೆಲಸಿದ ಊರು ಅದು. ಅಲ್ಲಿನ ನಾಮ್ಡ್ರೋಲಿಂಗ್ ವಿಹಾರದ ಚಿನ್ನದ ಬಣ್ಣದ ದೊಡ್ಡ ಬುದ್ಧಮೂರ್ತಿಗಳ ಮುಂದೆ ಮಕ್ಕಳು ಬಾಯಿ ತೆರೆದು ಕುಳಿತುಬಿಟ್ಟರು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಯನ್ನು ದಾಟುವಾಗಲೇ ಗಡಿಯಾರ ನೋಡಿಕೊಂಡು ನಮ್ಮ ಎದೆ ಡವಗುಟ್ಟಿತು. ಕೋಟೆಯನ್ನು ದಾಟಿ, ಅಂತರಸಂತೆಯ ಮೇಲೆ ಕಾರಾಪುರದ ವಸತಿಗೆ ಬರುವಷ್ಟರಲ್ಲಿ ಅಂದಿನ ಸಫಾರಿಯ ವಾಹನವು ಹೊರಟುಹೋಗಿತ್ತು. ಕಟ್ಟಿದ ಹಣ ಹೋಯಿತು. ಮಗಳು ಅತ್ತಳು. ಕಾಡಿನ ಬಾಗಿಲು ಯಾರಿಗಾಗಿಯೂ ಕಾಯುವುದಿಲ್ಲ, ಕಾಯಲೂ ಕೂಡದು.

ಆದಕಾರಣ ಕಾಡಿಗೆ ಹೋಗುವ ದಿನ ಕಾಡಿಗೆ ಮಾತ್ರ ಹೋಗತಕ್ಕದ್ದು. ಮೈಸೂರಿನಿಂದ ಕೋಟೆಗೆ ಸುಮಾರು ಐವತ್ತು ಕಿಲೋಮೀಟರು. ಅಲ್ಲಿಂದ ಮುಂದಿನ ದಾರಿಯು ನಿಧಾನವಾದುದು. ಮಿಕ್ಕ ತಾಲ್ಲೂಕುಗಳನ್ನು ಹಿಂತಿರುಗುವಾಗಲೋ ಬೇರೊಂದು ವಾರವೋ ನೋಡಿಕೊಳ್ಳಬಹುದು.

ಇನ್ನೊಂದು ಮಾತು. ನಾಗರಹೊಳೆಯ ಕಾಡಿಗೆ ಬಾಗಿಲುಗಳು ಒಂದಕ್ಕಿಂತ ಹೆಚ್ಚು. ಹುಣಸೂರಿನ ಕಡೆಯಿಂದ ವೀರನಹೊಸಹಳ್ಳಿ. ದಸರೆಯ ಆನೆಗಳ ಗಜಪಯಣವು ಪ್ರತಿವರ್ಷವೂ ಹೊರಡುವುದು ಅಲ್ಲಿಂದಲೇ. ಕೊಡಗಿನ ಕುಟ್ಟದ ಕಡೆಯಿಂದ ನಾಣಚ್ಚಿ. ಕಬಿನಿಯ ಕಡೆಯಿಂದ ದಮ್ಮನಕಟ್ಟೆ. ಮೂರೂ ಒಂದೇ ಕಾಡಿಗೆ ಸೇರಿದುವಾದರೂ ಒಂದರಿಂದ ಇನ್ನೊಂದಕ್ಕೆ ಸುತ್ತಿಕೊಂಡು ಹೋಗುವುದರಲ್ಲಿ ಅರ್ಧ ದಿನ ಕಳೆಯುವುದು. ಚೀಟಿ ಯಾವ ಬಾಗಿಲಿನದು, ಅಲ್ಲಿ ಎಷ್ಟು ಹೊತ್ತಿಗೆ ಹಾಜರಿರಬೇಕು ಎಂಬ ಎರಡು ಸಂಗತಿಗಳನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಬೇಕು. ಕೇರಳದ ಮಾನಂದವಾಡಿಗೆ ಹೋಗುವ ಕಾಡಿನ ಹೆದ್ದಾರಿಯನ್ನು ಸಂಜೆ 6ರಿಂದ ಬೆಳಗಿನ 6ರವರೆಗೆ ಮುಚ್ಚುವರೆಂಬುದನ್ನೂ ನೆನಪಿನಲ್ಲಿಡಬೇಕು.

ಇದಕ್ಕಿಂತಲೂ ಮೊದಲು ವಿಚಾರಿಸಬೇಕಾದುದು ಸಫಾರಿಯು ನಡೆಯುತ್ತಿದೆಯೇ ಎಂಬುದನ್ನೇ. 2025ರ ನವೆಂಬರಿನಲ್ಲಿ, ಸರಗೂರಿನ ಕಡೆಯ ಕಾಡಂಚಿನಲ್ಲಿ ರೈತರು ಹುಲಿಗೆ ಬಲಿಯಾದ ಮೇಲೆ, ಸರ್ಕಾರದವರು ನಾಗರಹೊಳೆ ಬಂಡೀಪುರಗಳೆರಡರಲ್ಲಿಯೂ ಸಫಾರಿಯನ್ನು ನಿಲ್ಲಿಸಿ ಸಿಬ್ಬಂದಿಯನ್ನು ಆ ಹುಲಿಗಳನ್ನು ಹಿಡಿಯುವ ಕೆಲಸಕ್ಕೆ ಹಚ್ಚಿದರು. ಹಣ ಕಟ್ಟಿ ಕಾದಿದ್ದ ಪ್ರವಾಸಿಗಳಲ್ಲಿ ಕೆಲವರು ಗೊಣಗಿದ್ದನ್ನು ನಾವು ಕೇಳಿದೆವು. ಹತ್ತಿಯ ಹೊಲಕ್ಕೆ ಹೋದ ಯಜಮಾನ ಮನೆಗೆ ಬರುವನೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತಿರುವವರ ಎದುರಿಗೆ ಈ ಗೊಣಗಾಟಕ್ಕೆ ಏನು ಬೆಲೆ? ನಾವಂತೂ ಆ ಊರುಗಳವರ ಕಡೆಯೇ. ಅಂತೂ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಯಾರ ಕೈಗೂ ಮುಂಗಡ ಕೊಡಬೇಡಿರಿ.

ಕಾಲದ ವಿಷಯ. ಮಾರ್ಚಿಯಿಂದ ಮೇ ತಿಂಗಳವರೆಗೆ ಕಾಡಿನ ಒಳಗಣ ಕೆರೆಗಳು ಬತ್ತಿ, ಜಲಾಶಯದ ನೀರೂ ಇಳಿದು, ಇಳಿದ ನೆಲದ ಮೇಲೆ ಎಳೆ ಹುಲ್ಲು ಚಿಗುರುವುದು. ಆ ಹುಲ್ಲಿಗೂ ನೀರಿಗೂ ಆನೆಗಳು ಹಿಂಡುಹಿಂಡಾಗಿ ಬಯಲಿಗೆ ಬರುವುವು. ಬಿಸಿಲು ಕಠಿಣ, ಆದರೆ ನೋಡುವುದಕ್ಕೆ ಅದೇ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಾಡು ಹಸುರಾಗಿರುವುದು ನಿಜ, ಆದರೆ ಎಲ್ಲೆಲ್ಲಿಯೂ ನೀರಿರುವುದರಿಂದ ಪ್ರಾಣಿಗಳು ಚೆದರಿಹೋಗುವುವು, ಇಂಬಳಗಳು ಕಾಲಿಗೆ ಹತ್ತುವುವು. ಪುಷ್ಯಮಾಘಗಳಲ್ಲಿ ಹೋಗುವವರು ತೆರೆದ ಜೀಪಿನಲ್ಲಿ ಬೆಳಗಿನ ಗಾಳಿ ಮಕ್ಕಳ ಕಿವಿಗೆ ಎಷ್ಟು ಕೊರೆಯುವುದೆಂಬುದನ್ನು ಮರೆಯಬಾರದು. ಉಣ್ಣೆಯ ಕುಲಾವಿ ಇರಲಿ.

ಉಡುಪಿನಲ್ಲಿ ನಮ್ಮ ಮನೆಯವರೆಲ್ಲ ತಪ್ಪಿದರು. ಮೊದಲ ಪ್ರವಾಸವೆಂದು ಹೊಸ ಬಟ್ಟೆ, ಕೆಂಪು ಅಂಗಿ, ಮುಡಿಯ ತುಂಬ ಮಲ್ಲಿಗೆ, ಮಗಳ ಕಾಲಿಗೆ ಗೆಜ್ಜೆ. ಎರಡನೆಯ ದಿನ ಬೆಳಗಿನ ಜೀಪು ಹತ್ತುವ ಮೊದಲು ಮಾರ್ಗದರ್ಶಕನು ನಮ್ಮನ್ನು ಸಾಲಾಗಿ ನೋಡಿ, ಬಹು ವಿನಯದಿಂದ, “ಗೆಜ್ಜೆಯನ್ನು ಬಿಚ್ಚಿ ಅಜ್ಜಿಯ ಕೈಲಿ ಕೊಡು ತಾಯಿ, ಆನೆಗೆ ನಮಗಿಂತ ಕಿವಿ ದೊಡ್ಡದು” ಎಂದನು. ಹಸುರು, ಕಂದು, ಬೂದಿ ಬಣ್ಣದ ಹತ್ತಿಯ ಬಟ್ಟೆ, ತುಂಬುತೋಳು, ಕಾಲು ಮುಚ್ಚುವ ಪಾದರಕ್ಷೆ ಇವಿಷ್ಟು ಸಾಕು. ಸುಗಂಧದ್ರವ್ಯ ಬೇಡ. ಪೊಟ್ಟಣದ ತಿಂಡಿಯೂ ಬೇಡ. ಪ್ಲಾಸ್ಟಿಕ್ಕಿಗೆ ಅಲ್ಲಿ ಪ್ರವೇಶವಿಲ್ಲವೆಂಬುದು ಒಂದು, ಅದರ ಚರಪರ ಸದ್ದಿಗೆ ಸಾರಂಗವಿರಲಿ ಕಾಗೆಯೂ ನಿಲ್ಲದೆಂಬುದು ಇನ್ನೊಂದು.

ಹೆಚ್ಚಾಗಿ ಹೇಳಬೇಕಾದುದು ವೃದ್ಧರ ವಿಷಯ. ಸಫಾರಿಯೆಂದರೆ ಮೂರು ಗಂಟೆಗಳ ಹೊತ್ತು ವಾಹನದಿಂದ ಇಳಿಯುವಂತಿಲ್ಲ. ಸಕ್ಕರೆಕಾಯಿಲೆಯವರೂ ಮೂತ್ರದ ತೊಂದರೆಯವರೂ ಇದನ್ನು ಮೊದಲೇ ಯೋಚಿಸಿ, ಬೆಳಗಿನ ಕಾಫಿಯನ್ನು ಅರ್ಧ ಲೋಟಕ್ಕೆ ನಿಲ್ಲಿಸಿ, ಮಾರ್ಗದರ್ಶಕನಿಗೂ ಸಂಕೋಚವಿಲ್ಲದೆ ತಿಳಿಸಿಡಬೇಕು. ನಮ್ಮ ತಾಯಿಯವರ ಮಾತ್ರೆಗಳೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಕೊಠಡಿಯಲ್ಲಿ, ಕೊಠಡಿಯ ಬೀಗದ ಕೈ ನಮ್ಮಲ್ಲಿ, ನಾವು ಕಾಡಿನ ನಡುವೆ! ಎಂಟು ಗಂಟೆಯ ಹೊತ್ತಿಗೆ ಅವರ ಕೈ ನಡುಗಿ ಹಣೆಯಲ್ಲಿ ಬೆವರು ಕಾಣಿಸಿತು. ಹಿಂದಿನ ಆಸನದ ಗೃಹಸ್ಥರೊಬ್ಬರು ತಮ್ಮ ಮಗುವಿಗಾಗಿ ತಂದಿದ್ದ ಬೆಲ್ಲದ ಕಡಲೆಮಿಠಾಯಿಯನ್ನು ಕೊಟ್ಟರು. ಅದರಿಂದ ಅವರು ಸುಧಾರಿಸಿಕೊಂಡರು. ಆ ಹತ್ತು ನಿಮಿಷ ನಮಗೆ ಹುಲಿಯೂ ಬೇಡವಾಗಿತ್ತು, ಕಾಡೂ ಬೇಡವಾಗಿತ್ತು. ಮಾತ್ರೆ, ಸಕ್ಕರೆ, ನೀರು, ಒಂದು ಕೈವಸ್ತ್ರ ಇವು ಒಂದು ಸಣ್ಣ ಬಟ್ಟೆಯ ಚೀಲದಲ್ಲಿ ಯಾವಾಗಲೂ ಮೈಮೇಲೆಯೇ ಇರಬೇಕು. ಅಲ್ಲಿ ದೂರವಾಣಿಯ ಸಂಪರ್ಕವನ್ನು ನಂಬುವಂತಿಲ್ಲ. ಕೋಟೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ, ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯಿದೆ. ವಸತಿಯಿಂದ ಎರಡಕ್ಕೂ ದಾರಿ ಎಷ್ಟೆಂದು ಹೋದ ದಿನವೇ ಕೇಳಿಟ್ಟುಕೊಳ್ಳಿರಿ. ಬೆನ್ನುನೋವಿನವರು ಮುಂದಿನ ಸಾಲಿನ ಆಸನವನ್ನೇ ಕೇಳಿ ಪಡೆಯಬೇಕು, ಹಿಂದಿನ ಚಕ್ರದ ಮೇಲಣ ಆಸನದಲ್ಲಿ ಕುಲುಕಾಟ ಹೆಚ್ಚು.

ಮಕ್ಕಳಿಗೆ ಮಾಡಬೇಕಾದ ಸಿದ್ಧತೆಯು ಚೀಲದಲ್ಲಿ ತುಂಬುವಂಥದಲ್ಲ. “ಹುಲಿ ಕಾಣಿಸುತ್ತದೆ” ಎಂದು ಮಾತು ಕೊಡದಿರುವುದೇ ಅದರಲ್ಲಿ ಮುಖ್ಯ. ನಮಗೆ ಹುಲಿ ಕಾಣಿಸಲಿಲ್ಲ. ಆದರೆ ಮಾರ್ಗದರ್ಶಕನು ಜೀಪನ್ನು ನಿಲ್ಲಿಸಿಸಿ, ಮುಸುವವು ಮತ್ತಿಯ ಮರದ ತುದಿಯಿಂದ ಖೊಕ್ಕರಿಸುವುದನ್ನೂ, ಅದಕ್ಕೆ ಕೆಳಗೆ ಜಿಂಕೆ ಕೂಗಿ ಉತ್ತರ ಕೊಡುವುದನ್ನೂ ಕೇಳಿಸಿದನು. ಮರದ ಮೇಲಿರುವವನಿಗೆ ದೂರ ಕಾಣುವುದು, ಕೆಳಗಿರುವವನಿಗೆ ವಾಸನೆ ತಿಳಿಯುವುದು. ಇಬ್ಬರೂ ಕೂಡಿ ಊರಿಗೆಲ್ಲ ಸುದ್ದಿ ಮುಟ್ಟಿಸುವರು ಎಂದನು. ಹುಲಿಯ ಪಟ್ಟೆಗಳು ನಮ್ಮ ಬೆರಳಿನ ಗುರುತಿನಂತೆ ಒಂದರದು ಇನ್ನೊಂದಕ್ಕಿರುವುದಿಲ್ಲವೆಂದೂ, 1986ರಿಂದ ಈ ಕಾಡಿನಲ್ಲಿ ಹುಲಿಗಳನ್ನು ಅಭ್ಯಾಸ ಮಾಡಿದ ಉಲ್ಲಾಸ ಕಾರಂತರು ಮರಗಳಿಗೆ ಕಟ್ಟಿದ ಛಾಯಾಚಿತ್ರ ಯಂತ್ರಗಳಿಂದ ಅವುಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಿದರೆಂದೂ ಹೇಳಿದಾಗ ಹುಡುಗನು ತನ್ನ ಹೆಬ್ಬೆರಳನ್ನು ನೋಡಿಕೊಂಡನು.

ಹಿಂತಿರುಗುವಾಗ ಮರಿಯಿದ್ದ ಆನೆಯೊಂದು ದಾರಿಗೆ ಅಡ್ಡಲಾಗಿ ಬಂದು, ಕಿವಿಯಗಲಿಸಿ, ನಾಲ್ಕು ಹೆಜ್ಜೆ ನುಗ್ಗಿ ನಿಂತಿತು. ಚಾಲಕನು ಯಂತ್ರವನ್ನು ನಿಲ್ಲಿಸಲಿಲ್ಲ, ಓಡಿಸಲೂ ಇಲ್ಲ. ಮೆಲ್ಲನೆ ಹಿಂದಕ್ಕೆ ಸರಿಸಿದನು. ಮಗಳು ಅಜ್ಜಿಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗೆಜ್ಜೆ ಅಜ್ಜಿಯ ಚೀಲದಲ್ಲಿತ್ತು.

ಆ ಚಾಲಕನು ಜೇನುಕುರುಬರವನು. ಮಧ್ಯಾಹ್ನದ ಬಿಡುವಿನಲ್ಲಿ ತಾಯಿಯವರು ಅವನ ಊರನ್ನು ಕೇಳಲು, ತನ್ನ ಅಜ್ಜನ ಹಾಡಿ ಈಗಿನ ರಾಷ್ಟ್ರೀಯ ಉದ್ಯಾನದ ಒಳಗಿತ್ತೆಂದೂ, ತಾನು ಹುಟ್ಟಿದ್ದು ಹೊರಗೆ ಕಟ್ಟಿಸಿಕೊಟ್ಟ ಮನೆಯಲ್ಲಿ ಎಂದೂ ಹೇಳಿದನು. ಇವರು ತಮ್ಮ ಹಳ್ಳಿಯ ಹೆಸರನ್ನು ಹೇಳಿದರು. ಅವನಿಗೆ ಅದು ಗೊತ್ತಿತ್ತು, ಹೆಸರು ಮಾತ್ರ. ಪ್ರವಾಸಿಗಳಿಗೆ ಹಾಡಿಗಳನ್ನು ತೋರಿಸುವ ಏರ್ಪಾಡೂ ಒಂದಿದೆಯೆಂದು ನಮಗೆ ಯಾರೋ ಹೇಳಿದ್ದರು. ನಾವು ಅದನ್ನು ಬೇಡವೆಂದೆವು. ಕರೆಯದವರ ಮನೆಯ ಬಾಗಿಲಿಗೆ ಚಿತ್ರ ತೆಗೆಯುವ ಪೆಟ್ಟಿಗೆಯನ್ನು ಹಿಡಿದುಕೊಂಡು ಹೋಗಿ ನಿಲ್ಲುವುದನ್ನು ಮೈಸೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಮಾಡಿದರೆ ನಾವು ಸುಮ್ಮನಿರುವೆವೇ?

ಕಾರಾಪುರವೇ ಒಂದು ಕಥೆಯ ಊರು. ಮಾವುತನೊಬ್ಬನ ಮಗ ಸಾಬು ಎಂಬ ಹುಡುಗನನ್ನು ಇಲ್ಲಿ ಕಂಡು ‘ಎಲಿಫೆಂಟ್ ಬಾಯ್’ ಎಂಬ ಚಲನಚಿತ್ರವನ್ನು ತೆಗೆದರು. 1937ರಲ್ಲಿ ಅದು ತೆರೆಗೆ ಬಂದು, ಹುಡುಗನು ಸಮುದ್ರ ದಾಟಿ ಹಾಲಿವುಡ್ಡಿನವರೆಗೂ ಹೋದನು. ಮಾನಂದವಾಡಿ ದಾರಿಯ ಬಳ್ಳೆ ಶಿಬಿರದಲ್ಲಿ ಅರ್ಜುನನನ್ನು ನಾವು ದೂರದಿಂದ ನೋಡಿದೆವು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅದು, ಅಂದು ಸೊಪ್ಪು ತಿನ್ನುತ್ತ ನಿಂತಿತ್ತು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಅದು ಸತ್ತ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಆ ರಾತ್ರಿ ಮಕ್ಕಳು ಸರಿಯಾಗಿ ಊಟ ಮಾಡಲಿಲ್ಲ.

ಎರಡನೆಯ ದಿನ ಸಂಜೆ ದೋಣಿ. ಜೀವರಕ್ಷಕ ಅಂಗಿಯನ್ನು ಎಲ್ಲರಿಗೂ ತೊಡಿಸುವರು. ಮಕ್ಕಳ ಅಳತೆಯದು ಇದೆಯೇ ಎಂದು ನೋಡಿ, ಕೊಂಡಿಗಳನ್ನು ನಿಮ್ಮ ಕೈಯಿಂದಲೇ ಬಿಗಿಯಿರಿ. ಬಿಸಿಲಿಗೆ ಟೋಪಿ, ಅದಕ್ಕೆ ಗದ್ದದ ದಾರ. ನಮ್ಮ ಹುಡುಗನ ಟೋಪಿ ಕಬಿನಿಗೆ ಅರ್ಪಣವಾಯಿತು. ನೀರಿನ ನಡುವೆ ಸತ್ತ ಮರಗಳ ಬೊಡ್ಡೆಗಳು ನಿಂತಿದ್ದುವು, ಒಂದೊಂದರ ಮೇಲೂ ಒಂದೊಂದು ನೀರುಕಾಗೆ ರೆಕ್ಕೆಯನ್ನು ಬಿಚ್ಚಿ ಒಣಗಿಸುತ್ತಿತ್ತು. ತಾಯಿಯವರು ಮಾತನಾಡಲಿಲ್ಲ. ಆಮೇಲೆ ಅಂಬಿಗನನ್ನು ದೋಣಿ ನಿಲ್ಲಿಸಬಹುದೇ ಎಂದು ಕೇಳಿದರು. ನಿಲ್ಲಿಸುವ ಸ್ಥಳ ಅದಲ್ಲವೆಂದು ಅವನು ಹೇಳಿ, ಯಂತ್ರವನ್ನು ಮಾತ್ರ ಸಾಧ್ಯವಾದಷ್ಟು ತಗ್ಗಿಸಿದನು. ಅವರು ಆಚೆಯ ದಡದ ಗುಡ್ಡದ ಸಾಲನ್ನು ನೋಡಿ, ಕೈಯನ್ನು ಅಳತೆ ಹಿಡಿದಂತೆ ಎಡಕ್ಕೂ ಬಲಕ್ಕೂ ಆಡಿಸಿ, “ಇಲ್ಲೇ ಎಲ್ಲೋ” ಎಂದರು. ದಡದಲ್ಲಿ, ಒಂದು ಕಾಲಕ್ಕೆ ಯಾರ ರಾಗಿಯ ಹೊಲವೋ ಆಗಿದ್ದ ಹುಲ್ಲಿನ ಮೇಲೆ, ಆನೆಗಳು ಮೇಯುತ್ತಿದ್ದುವು. ಮಕ್ಕಳು ಎಣಿಸಿದರು. ಒಬ್ಬರ ಲೆಕ್ಕ ಮೂವತ್ತೊಂದು, ಇನ್ನೊಬ್ಬರದು ಮೂವತ್ತನಾಲ್ಕು.

ಮೂರನೆಯ ದಿನ ಮನೆಗೆ ಹೊರಟು ಕೋಟೆಯಲ್ಲಿ ಕಾಫಿಗೆ ನಿಂತಾಗ, ಮುಂದಿನ ಸಲ ತರಬೇಕಾದ ಸಾಮಾನುಗಳನ್ನು ನಾವು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆವು. ತಾಯಿಯವರು ಬಗ್ಗಿ ನೋಡಿ, “ದುರ್ಬೀನು ಎರಡು ಎಂದು ಬರೆ. ಒಂದೇ ಇದ್ದರೆ ಮಕ್ಕಳ ಕೈಯಿಂದ ಬಿಡಿಸುವುದಾಗುವುದಿಲ್ಲ” ಎಂದರು.